ಇನಿಶಿಯಲ್ ಬಿಡಿಸಿ ಹೇಳು

ನನ್ನದು ಹುಟ್ಟಿನಿಂದ ಬಂದ ಅನುಮಾನದ ಬುದ್ಧಿ. ಬೋರ್ಡು ಓದಿ ಬಸ್ಸು ಹತ್ತಿದ ಮೇಲೂ ಕಂಡಕ್ಟರನ್ನು ಕೇಳುತ್ತೇನೆ, ಅವನು ಹೇಳಿದ ಮೇಲೆ ಪಕ್ಕದಲ್ಲಿ ಕೂತವರನ್ನೂ ಕೇಳುತ್ತೇನೆ. ಮದುವೆಯಾದ ಹೊಸದರಲ್ಲಿ, ಬೀಗ ಹಾಕಿದ ಬಾಗಿಲನ್ನು ನಾನು ಮೂರು ಸಲ ಜಗ್ಗಿ ನೋಡುವುದನ್ನು ಕಂಡು ನನ್ನ ಗಂಡ, "ಬಾಗ್ಲೇ ಕಿತ್ತು ಬರುತ್ತೆ ಮಾರಾಯ್ತಿ, ಬಿಡು" ಎಂದಿದ್ದರು. ಹೀಗಾಗಿ ಇಲಾಖೆಯವರು ನನ್ನನ್ನು ಪಾಠದಿಂದ ಬಿಡಿಸಿ ಅಂಕಿಅಂಶದ ಮೇಜಿಗೆ ಹಾಕಿದಾಗ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಅದು ತೊಂಬತ್ತರ ದಶಕದ ಕೊನೆ. ನಮ್ಮ ಮನೆ ಶಿವಮೊಗ್ಗದ ವಿನೋಬನಗರದಲ್ಲಿ, ಡ್ಯೂಟಿ ಭದ್ರಾವತಿಯಲ್ಲಿ. ಬೆಳಿಗ್ಗೆ ಮಗಳನ್ನು ದುರ್ಗಿಗುಡಿಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಬಿಟ್ಟು, ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಓಡಿ, ಹತ್ತು ಗಂಟೆಗೆ ಮೊದಲು ನನ್ನ ಮೇಜಿನ ಮುಂದೆ ಇರುತ್ತಿದ್ದೆ. ಸರ್ಕಾರಿ ಶಾಲೆಯ ಟೀಚರಿನ ಮಗಳು ಸರ್ಕಾರಿ ಶಾಲೆಗೆ ಹೋಗುತ್ತಿರಲಿಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಅದು ವಾಸಿ.

ನನ್ನ ಕೆಲಸ ಸುಲಭದ್ದು. ಸುತ್ತಲಿನ ಶಾಲೆಗಳಿಂದ ವರ್ಷಕ್ಕೊಮ್ಮೆ ಒಂದು ಹಳದಿ ಹಾಳೆ ಬರುತ್ತಿತ್ತು. ಎಷ್ಟು ಮಕ್ಕಳು ದಾಖಲಾಗಿದ್ದಾರೆ, ಎಷ್ಟು ಜನ ಬರುತ್ತಾರೆ, ಎಷ್ಟು ಟೀಚರ್ ಹುದ್ದೆ ಮಂಜೂರಾಗಿದೆ, ಅನುದಾನ ಎಷ್ಟು ಬಂತು, ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ಎಷ್ಟು ಜನ ಪಾಸಾದರು. ಎಲ್ಲವನ್ನೂ ಒಂದು ದೊಡ್ಡ ತಖ್ತೆಗೆ ಇಳಿಸಿ ಮೇಲಕ್ಕೆ ಕಳಿಸಬೇಕು. ಮಕ್ಕಳ ಲೆಕ್ಕದ ಮೇಲೆಯೇ ಟೀಚರ್ ಹುದ್ದೆ ನಿಂತಿರುತ್ತಿತ್ತು. ಹಾಜರಾತಿ ಸರಿಯಿದ್ದ ಮಕ್ಕಳಿಗೆ ತಿಂಗಳಿಗೊಮ್ಮೆ ಅಕ್ಕಿ ಕೊಡುತ್ತಿದ್ದ ಕಾಲ ಅದು, ಅಕ್ಕಿಯೂ ಅದೇ ಲೆಕ್ಕದ ಮೇಲೆ ಬರುತ್ತಿತ್ತು. ಇಷ್ಟೆಲ್ಲ ಒಂದು ಅಂಕಿಗೆ ಜೋತುಬಿದ್ದಿರುವಾಗ ಆ ಅಂಕಿಯನ್ನು ನಂಬುವುದಾದರೂ ಹೇಗೆ?

ನನ್ನ ಕಣ್ಣಿಗೆ ಬಿದ್ದಿದ್ದು ಒಂದು ಶಾಲೆ. ಓಲ್ಡ್ ಟೌನ್ ದಾಟಿ, ಫ್ಯಾಕ್ಟರಿ ಕ್ವಾರ್ಟರ್ಸಿನ ಹಿಂದುಗಡೆ, ನಾಲೆಯ ಪಕ್ಕದಲ್ಲಿತ್ತು. ಆಗ ಫ್ಯಾಕ್ಟರಿಯಲ್ಲಿ ಕೆಲಸ ಕಡಿಮೆಯಾಗಿ ಜನ ಊರು ಬಿಡುತ್ತಿದ್ದರು. ಉಳಿದವರು ಕೈಯಲ್ಲಿ ಸ್ವಲ್ಪ ಕಾಸಾಡುವಂತಿದ್ದರೆ ಮಕ್ಕಳಿಗೆ ಟೈ ಕಟ್ಟಿ ಪ್ರೈವೇಟ್ ಶಾಲೆಯ ವ್ಯಾನು ಹತ್ತಿಸುತ್ತಿದ್ದರು. ಎಲ್ಲ ಶಾಲೆಗಳ ದಾಖಲಾತಿಯೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಈ ಶಾಲೆಯದು ಮಾತ್ರ ಮೂರು ವರ್ಷದಿಂದ ಒಂದೇ ಅಂಕಿ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಷ್ಟು ನೀಟಾದ ಲೆಕ್ಕ ಕಳ್ಳರ ಮನೆಯಲ್ಲಿ ಮಾತ್ರ ಇರುತ್ತದೆ ಎಂದುಕೊಂಡೆ.

ಅಲ್ಲಿನ ಹೆಡ್ ಮಿಸ್ಸನ್ನು ಮೀಟಿಂಗುಗಳಲ್ಲಿ ನೋಡಿದ್ದೆ. ರಿಟೈರಾಗಲು ಎರಡು ವರ್ಷ ಇದ್ದ, ಕಡಿಮೆ ಮಾತಿನ, ಶಾಲೆಯ ಎರಡನೇ ಬೀದಿಯಲ್ಲೇ ಮನೆ ಇದ್ದ ಹೆಂಗಸು. ಮಕ್ಕಳ ಸಂಖ್ಯೆ ಇಳಿದರೆ ಅಲ್ಲೊಂದು ಹುದ್ದೆ ಹೋಗುತ್ತದೆ, ಆರು ಮತ್ತು ಏಳನೇ ಕ್ಲಾಸು ಮುಚ್ಚುತ್ತದೆ, ಇವರನ್ನು ಎಲ್ಲಿಗೋ ಎತ್ತಿ ಹಾಕುತ್ತಾರೆ. ಮನೆ ಬಾಗಿಲಿನ ಕೆಲಸ ಯಾರಿಗೆ ಬೇಡ? ನಾನು ಮನಸ್ಸಿನಲ್ಲೇ ತೀರ್ಪು ಬರೆದು, ಸಾಕ್ಷಿ ಹುಡುಕಲು ಹೊರಟೆ.

ಹೇಳದೆ ಕೇಳದೆ ಒಂದು ಸೋಮವಾರ ಬೆಳಿಗ್ಗೆ ಹೋದೆ. ಪ್ರಾರ್ಥನೆ ಮುಗಿದು ಮಕ್ಕಳು ಕ್ಲಾಸಿನಲ್ಲಿ ಕೂತಿದ್ದರು. ನಾನು ಬೆರಳಿಟ್ಟು ತಲೆ ಎಣಿಸಿದೆ. ರಿಜಿಸ್ಟರಿನಲ್ಲಿ ಎಷ್ಟು ಹೆಸರೋ ಅಷ್ಟು ತಲೆ, ಜ್ವರ ಬಂದ ಇಬ್ಬರನ್ನು ಬಿಟ್ಟು, ಅವರ ಹೆಸರಿನ ಮುಂದೆ 'ಗೈ' ಎಂದು ಬರೆದಿತ್ತು. ಬೇರೆ ಯಾರಾದರೂ ಆಗಿದ್ದರೆ ಟೀ ಕುಡಿದು ವಾಪಸ್ ಬರುತ್ತಿದ್ದರು. ನನಗೆ ಅನುಮಾನ ಇನ್ನೂ ಜಾಸ್ತಿಯಾಯಿತು. ಪಕ್ಕದ ಶಾಲೆಯಿಂದ ಮಕ್ಕಳನ್ನು ಎರವಲು ತಂದು ಕೂರಿಸಿದ್ದಾರೋ ಏನೋ, ನಾನು ಬರುವ ಸುದ್ದಿ ಆಫೀಸಿನಿಂದಲೇ ಸೋರಿತೋ ಏನೋ.

ಏಳನೇ ಕ್ಲಾಸಿನಲ್ಲಿ ಕಿಟಕಿ ಪಕ್ಕ ಒಬ್ಬಳು ಹುಡುಗಿ ಕೂತಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹಾಕಿದ ಎರಡು ಜಡೆ, ದೊಡ್ಡವರ ಅಂಗಿ ಕತ್ತರಿಸಿ ಹೊಲಿದ ಬಿಳಿ ಶರ್ಟು. ನಾನು ಕೇಳಿದ ಎರಡು ಲೆಕ್ಕಕ್ಕೆ ಬಾಯಲ್ಲೇ ಉತ್ತರ ಹೇಳಿದಳು. ಖುಷಿಯಾಗಿ, "ನಿನ್ನ ಹೆಸರೇನಮ್ಮಾ?" ಎಂದೆ.

"ಸ್ಕೂಲಿಂದಾ ಮಿಸ್, ಮನೇದಾ?" ಎಂದಳು.

ನಾನು ನಕ್ಕುಬಿಟ್ಟೆ. ನನಗೂ ಮನೆಯಲ್ಲೊಂದು ಹೆಸರು, ಶಾಲೆಯಲ್ಲೊಂದು ಹೆಸರು. ನಮ್ಮ ಕಡೆ ಯಾರ ಮನೆಯಲ್ಲಿ ಇಲ್ಲ ಹೇಳಿ? ಅಜ್ಜಿಯ ಹೆಸರು ಕೂಗಬಾರದು ಎಂದು ಒಂದು, ತೊಟ್ಟಿಲಲ್ಲಿ ಇಟ್ಟಿದ್ದು ಇನ್ನೊಂದು. ಸ್ಕೂಲಿನದೇ ಹೇಳು ಎಂದೆ, ಹೇಳಿದಳು, ರಿಜಿಸ್ಟರಿನಲ್ಲಿ ಇತ್ತು. ಹಾಲಿನಿಂದ ಹಿಡಿದು ಹಾಲಿನವನವರೆಗೆ ಎಲ್ಲವನ್ನೂ ಅನುಮಾನಿಸುವ ನಾನು ಅನುಮಾನಿಸಬೇಕಾಗಿದ್ದ ಆ ಒಂದು ಮಾತನ್ನು ನಗುತ್ತ ಬಿಟ್ಟು ಬಂದೆ.

ಹತ್ತು ದಿನ ಬಿಟ್ಟು ಮಧ್ಯಾಹ್ನದ ಹೊತ್ತು ಮತ್ತೆ ಹೋದೆ. ಹಾಜರಿ ಪುಸ್ತಕದಲ್ಲಿ ಬೆಳಿಗ್ಗೆ ಒಂದು ಓರೆಗೆರೆ, ಮಧ್ಯಾಹ್ನ ಅದರ ಮೇಲೆ ಇನ್ನೊಂದು ಓರೆಗೆರೆ ಹಾಕುವುದು ಪದ್ಧತಿ. ಸುಳ್ಳು ಹಾಜರಿ ಹಾಕುವವರು ಎರಡೂ ಗೆರೆಯನ್ನು ಒಟ್ಟಿಗೆ ಎಳೆದುಬಿಡುತ್ತಾರೆ, ಇಂಕಿನ ಬಣ್ಣದಲ್ಲೇ ಗೊತ್ತಾಗುತ್ತದೆ. ಇಲ್ಲಿ ಗೆರೆಗಳೂ ಬೇರೆ ಬೇರೆ ಹೊತ್ತಿನವೇ. ಮಕ್ಕಳೂ ಅವರೇ, ಕಿಟಕಿ ಪಕ್ಕದ ಎರಡು ಜಡೆಯೂ ಅಲ್ಲೇ ಇತ್ತು.

ವಾಪಸ್ ಬರುವಾಗ ಕ್ವಾರ್ಟರ್ಸಿನ ಮಧ್ಯದ ದಾರಿ ಹಿಡಿದೆ. ದಾಖಲಾತಿ ಪುಸ್ತಕದಿಂದ ಕೆಲವು ಮಕ್ಕಳ ಮನೆ ನಂಬರು ಬರೆದುಕೊಂಡಿದ್ದೆ. ಮೊದಲನೇ ಮನೆಗೆ ಬೀಗ. ಎರಡನೆಯದಕ್ಕೂ ಬೀಗ, ಅಂಗಳದಲ್ಲಿ ಮೊಣಕಾಲುದ್ದ ಪಾರ್ಥೇನಿಯಂ. ಮೂರನೆಯದರ ಕಿಟಕಿಯ ಬಾಗಿಲನ್ನೇ ಯಾರೋ ಕಿತ್ತುಕೊಂಡು ಹೋಗಿದ್ದರು. ಎದುರು ಮನೆಯಲ್ಲಿ ಹಪ್ಪಳ ಒಣಹಾಕುತ್ತಿದ್ದ ತಮಿಳು ಅಜ್ಜಿಯೊಬ್ಬರನ್ನು ಕೇಳಿದೆ.

"ಅವ್ರಾ? ಎಲ್ಲ ಊರ್ಗೆ ಹೋಗಿ ರೆಂಡು ವರ್ಷ ಆಯ್ತಮ್ಮಾ" ಎಂದರು. "ಫ್ಯಾಕ್ಟ್ರಿ ಕರೆದ್ರೆ ಬರ್ತೀವಿ ಅಂದ್ರು. ಮಕ್ಕಳ ಟಿ.ಸಿ. ಕೂಡ ತಗೊಂಡಿಲ್ಲ."

ನನ್ನ ಮೈ ಜುಂ ಎಂದಿತು. ಸಿಕ್ಕಿಬಿದ್ದರು ಎನ್ನುವ ಖುಷಿ ಅದು, ಅದಕ್ಕೆ ಬೇರೆ ಚಂದದ ಹೆಸರು ಕೊಡುವುದಿಲ್ಲ. ಮನೆ ಖಾಲಿಯಾಗಿ ಎರಡು ವರ್ಷವಾದ ಮಕ್ಕಳು ದಿನಾ ಎರಡು ಹೊತ್ತು ಶಾಲೆಗೆ ಹಾಜರಾಗುತ್ತಿದ್ದಾರೆ. ಹಾಗಾದರೆ ಬೆಂಚಿನ ಮೇಲೆ ಕೂತವರು ಯಾರು?

ಮರುದಿನವೇ ಹೋದೆ. ಸೀದಾ ಏಳನೇ ಕ್ಲಾಸಿಗೆ ನುಗ್ಗಿ, ಹಾಜರಿ ಪುಸ್ತಕ ಕೈಗೆ ತೆಗೆದುಕೊಂಡು, "ಒಬ್ಬೊಬ್ರೇ ಎದ್ದು ನಿಂತು ಹೆಸರು ಹೇಳಿ. ಇನಿಶಿಯಲ್ ಬಿಡಿಸಿ ಹೇಳಿ" ಎಂದೆ. ಹೆಡ್ ಮಿಸ್ಸು ಬೋರ್ಡಿನ ಹತ್ತಿರ ನಿಂತಿದ್ದರು. ಭದ್ರಾವತಿಯ ಆ ಭಾಗದಲ್ಲಿ ಅರ್ಧಕ್ಕರ್ಧ ತಮಿಳು, ತೆಲುಗು ಮನೆಯ ಮಕ್ಕಳು. ಹೆಸರಿನ ಮುಂದಿನ ಒಂದಕ್ಷರದಲ್ಲಿ ಅಪ್ಪ ಇರುತ್ತಾನೆ. ಮಕ್ಕಳಿಗೆ ಇದು ಆಟದ ಹಾಗೆ ಕಂಡಿತು. ಎದ್ದು ನಿಂತು, ಎದೆ ಉಬ್ಬಿಸಿ, ಅಪ್ಪಂದಿರ ಪೂರ್ತಿ ಹೆಸರನ್ನು ಕೂಗಿ ಹೇಳತೊಡಗಿದರು.

ಎರಡು ಜಡೆಯ ಹುಡುಗಿಯ ಸರದಿ ಬಂತು. ಸ್ಕೂಲಿನ ಹೆಸರು ಸರಿಯಾಗಿ ಹೇಳಿದಳು, ಮುಂದೆ 'ಪಿ' ಸೇರಿಸಿಯೇ.

"ಪಿ ಅಂದ್ರೆ?"

ಅವಳು ಹೆಡ್ ಮಿಸ್ಸಿನ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಪಿ ಅಂದ್ರೆ ಪಿ, ಮಿಸ್."

ಕ್ಲಾಸೆಲ್ಲ ಗೊಳ್ಳೆಂದಿತು. ಅಪ್ಪನ ಹೆಸರು ಗೊತ್ತಿಲ್ಲದ ಹುಡುಗಿ ಎಂದು ಹಿಂದಿನ ಸಾಲಿನವರು ಬೆಂಚು ಬಡಿದರು. ಅವಳ ಕಿವಿ ಕೆಂಪಾಯಿತು. ಕೂರು ಎಂದು ನಾನು ಹೇಳದೆ ಇದ್ದುದರಿಂದ ನಿಂತೇ ಇದ್ದಳು. ಅವಳನ್ನು ಹಾಗೆ ನಿಲ್ಲಿಸಿದ್ದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಹೆಡ್ ಮಿಸ್ಸು ಮಕ್ಕಳನ್ನೆಲ್ಲ ನೀರು ಕುಡಿಯಲು ಕಳಿಸಿದರು. ಬಾಗಿಲು ಮುಂದೆ ಮಾಡಿ, ಎದುರಿನ ಬೆಂಚಿನ ಮೇಲೆ ಕೂತು, "ಕೇಳಿ ಮೇಡಂ, ಏನು ಕೇಳ್ಬೇಕೋ ಕೇಳಿ" ಎಂದರು.

ಸಂಗತಿ ಇಷ್ಟು. ನಾಲೆ ರಿಪೇರಿಗೆಂದು ಬಯಲುಸೀಮೆಯ ಕಡೆಯಿಂದ ಬಂದ ಕೆಲಸದವರು ಶಾಲೆಯ ಹಿಂದೆ ಶೀಟು ಹೊದೆಸಿದ ಗುಡಿಸಲು ಹಾಕಿಕೊಂಡಿದ್ದರು. ಊರೂರು ತಿರುಗಿದ ಮಕ್ಕಳು, ಮೂರು ಕಡೆ ಓದಿದ್ದರೂ ಒಂದು ಕಡೆಯ ಟಿ.ಸಿ.ಯೂ ಕೈಯಲ್ಲಿಲ್ಲ. ಟಿ.ಸಿ. ಇಲ್ಲದೆ ಮೇಲಿನ ಕ್ಲಾಸಿಗೆ ಸೇರಿಸಿಕೊಳ್ಳುವ ಹಾಗಿಲ್ಲ. ಇತ್ತ ಟಿ.ಸಿ. ತೆಗೆದುಕೊಳ್ಳದೆ ಊರು ಬಿಟ್ಟವರ ಹೆಸರುಗಳು ಪುಸ್ತಕದಲ್ಲಿ ಖಾಲಿ ಬಿದ್ದಿದ್ದವು. ಹೆಡ್ ಮಿಸ್ಸು ಅವರ ಹೆಸರಿನ ಮೇಲೆ ಇವರನ್ನು ಕೂರಿಸಿಬಿಟ್ಟಿದ್ದರು. ಒಟ್ಟು ಒಂಬತ್ತು ಮಕ್ಕಳು. ಏಳನೇ ಕ್ಲಾಸಿನಲ್ಲಿ ಇದ್ದವಳು ಇವಳೊಬ್ಬಳೇ.

"ಇದು ಕ್ರೈಮು ಅಂತ ಗೊತ್ತಲ್ವಾ ನಿಮ್ಗೆ?" ಎಂದೆ.

"ಗೊತ್ತು."

"ಅಕ್ಕಿ?"

"ಅವ್ರ ಹೆಸರಲ್ಲಿ ಬಂದ ಅಕ್ಕಿ ಇವ್ರ ಮನೇಗೇ ಹೋಗಿದೆ. ನಂಬೋದಾದ್ರೆ ನಂಬಿ, ಬಿಡೋದಾದ್ರೆ ಬಿಡಿ."

"ನಿಮ್ಮ ಪೋಸ್ಟೂ ಉಳೀತು, ಅಲ್ವಾ?"

"ಹೌದು ಮೇಡಂ, ಉಳೀತು. ಇಲ್ಲ ಅಂತ ಹೇಳಲ್ಲ" ಎಂದರು. "ನಿಮ್ಮ ಮಗಳು ಯಾವ ಸ್ಕೂಲಿಗೆ ಹೋಗ್ತಾಳೆ?" ಎಂದು ಕೇಳಿದರು.

ನಾನು ಇನ್ನೊಂದು ಬಾಣ ಬಿಟ್ಟೆ. "ಒಂದು ಮಾತು ಆಫೀಸಿಗೆ ಬರೆದು ಕೇಳ್ಬಹುದಿತ್ತಲ್ಲ? ಪರ್ಮಿಶನ್ ಅನ್ನೋದೊಂದು ಇರುತ್ತೆ."

ಅವರು ಎದ್ದು ಬೀರು ತೆಗೆದು ಒಂದು ಫೈಲು ತಂದು ಮುಂದಿಟ್ಟರು. ಎರಡು ವರ್ಷ ಹಿಂದಿನ ಪತ್ರ. ನಾಲೆ ಕೆಲಸದವರ ಮಕ್ಕಳಿಗೆ ಟಿ.ಸಿ. ಇಲ್ಲ, ಓದಲು ಬರೆಯಲು ಬರುತ್ತದೆ, ಪರೀಕ್ಷೆ ಮಾಡಿ ಸೇರಿಸಿಕೊಳ್ಳಲು ಅನುಮತಿ ಕೊಡಬೇಕು ಎಂದು ಕೇಳಿಕೊಂಡಿದ್ದರು. ಅದರ ಹಿಂಬದಿಯಲ್ಲಿ ನಮ್ಮ ಆಫೀಸಿನ ಉತ್ತರ ಇತ್ತು: "ವರ್ಗಾವಣೆ ಪತ್ರವಿಲ್ಲದೆ ದಾಖಲಿಸಲು ಅವಕಾಶವಿಲ್ಲ. ಹಿಂದಿರುಗಿಸಿದೆ." ಸಹಿ ಸಾಹೇಬರದು. ಅಕ್ಷರ ನನ್ನದು. 'ಇಲ್ಲ' ಎನ್ನುವುದರ ಕೆಳಗೆ ಎರಡು ಗೆರೆ ಎಳೆಯುವ ಚಾಳಿಯೂ ನನ್ನದೇ.

ಆ ಪತ್ರ ಬರೆದಿದ್ದು ನನಗೆ ನೆನಪೇ ಇರಲಿಲ್ಲ. ಅಂಥವು ದಿನಕ್ಕೆ ಎಷ್ಟೋ ಬರೆಯುತ್ತಿದ್ದೆ. ಊಟದ ಹೊತ್ತಾಗಿತ್ತೋ, ಬಸ್ಸಿಗೆ ತಡವಾಗಿತ್ತೋ. ಅವರು ಫೈಲು ಮುಚ್ಚಿ ಮತ್ತೆ ಬೀರುವಿನಲ್ಲಿಟ್ಟರು.

"ಅವ್ಳ ಹೆಸರು ಪರೀಕ್ಷೆಗೆ ಕಳಿಸೋಕೆ ಇನ್ನು ನಾಲ್ಕು ದಿನ ಇದೆ" ಎಂದರು ಕೊನೆಗೆ. "ಈಗ ನೀವು ಬರೆದ್ರೆ ಅವ್ಳು ಪರೀಕ್ಷೆಗೆ ಕೂರಲ್ಲ. ಅಪ್ಪ ಕಲ್ಲು ಹೊರೋಕೆ ಹಾಕ್ತಾನೆ. ಬರೀದೆ ಹೋದ್ರೆ ಪಾಸಾಗ್ತಾಳೆ, ಆದ್ರೆ ಇನ್ನೊಬ್ಳ ಹೆಸರಲ್ಲಿ. ನನಗೆ ಇಷ್ಟೇ ತೋಚಿದ್ದು ಮೇಡಂ. ನಿಮಗೆ ಬೇರೆ ದಾರಿ ಕಂಡ್ರೆ ಹೇಳಿ, ಅದನ್ನೇ ಮಾಡ್ತೀನಿ."

"ಆ ನಿಜವಾದ ಹುಡುಗಿ ವಾಪಸ್ ಬಂದು ಟಿ.ಸಿ. ಕೇಳಿದ್ರೆ?"

"ಬರ್ಲಿ ಮೇಡಂ. ಒಬ್ಳು ಓದೋಳು ಹೆಚ್ಚಾಗ್ತಾಳೆ."

ಹೊರಗೆ ಬಂದರೆ ಹುಡುಗಿ ನಲ್ಲಿಯ ಹತ್ತಿರ ಒಬ್ಬಳೇ ನಿಂತಿದ್ದಳು. ಉಳಿದವರು ಅವಳನ್ನು 'ಪಿ ಅಂದ್ರೆ ಪಿ' ಎಂದು ಕರೆಯಲು ಶುರು ಮಾಡಿಯಾಗಿತ್ತು. ನಾನು ಹತ್ತಿರ ಹೋಗಿ, ಮನೆಯ ಹೆಸರೇನು ಎಂದು ಮೆಲ್ಲಗೆ ಕೇಳಿದೆ. ಹೇಳಿದಳು. ಚಂದದ ಹೆಸರು. ಎರಡು ವರ್ಷದಿಂದ ಯಾವ ಪುಸ್ತಕದಲ್ಲೂ ಅದನ್ನು ಯಾರೂ ಬರೆದಿರಲಿಲ್ಲ.

"ಮಿಸ್, ನನ್ನ ಹೆಸರು ಹೊಡೆದು ಹಾಕ್ತೀರಾ?" ಎಂದಳು.

ಯಾವ ಹೆಸರು ಎಂದು ಕೇಳಬೇಕೆನಿಸಿತು.

ನಾಲ್ಕು ದಿನ ಆ ಹಳದಿ ಹಾಳೆ ನನ್ನ ಮೇಜಿನ ಮೇಲೆ ಬಿದ್ದಿತ್ತು. ಸಾಹೇಬರಿಗೆ ಹೇಳಿ, ಹೊಸದಾಗಿ ದಾಖಲು ಮಾಡಿಸಿ, ಅವಳದೇ ಹೆಸರಿನಲ್ಲಿ ಪರೀಕ್ಷೆಗೆ ಕೂರಿಸಬಹುದಿತ್ತೇ? ಬಹುಶಃ ಆಗುತ್ತಿತ್ತು. ಆದರೆ ಸಾಹೇಬರು ಮೊದಲು ಕೇಳುತ್ತಿದ್ದುದು, ಇಷ್ಟು ದಿನ ಹೇಗೆ ನಡೆಯಿತು ಎಂದು. ಹೆಡ್ ಮಿಸ್ಸು ಸಸ್ಪೆಂಡ್ ಆಗುತ್ತಿದ್ದರು. ಫೈಲು ಹೊರಬರುತ್ತಿತ್ತು, ಅದರಲ್ಲಿ ನನ್ನ ಅಕ್ಷರ, ನನ್ನ ಎರಡು ಗೆರೆ. ನನ್ನ ತಲೆ ಉಳಿಸಿಕೊಳ್ಳುವುದಕ್ಕೇ ಸುಮ್ಮನಿದ್ದೆನೋ, ಹುಡುಗಿಗಾಗಿ ಸುಮ್ಮನಿದ್ದೆನೋ? ಆ ನಾಲ್ಕು ದಿನ ನಾನು ಅನುಮಾನಿಸಿದ್ದು ನನ್ನನ್ನೇ. ಗಂಡನಿಗೆ ಹೇಳಿದೆ. ಅವರು, "ಪರೀಕ್ಷೆ ಒಂದು ಮುಗೀಲಿ, ಹೆಸರು ಆಮೇಲೆ ತಿದ್ದಿಸಿದ್ರಾಯ್ತು ಬಿಡೇ" ಎಂದರು. ನನಗೂ ಅಂಥದ್ದೊಂದು ಮಾತು ಬೇಕಾಗಿತ್ತು. ಐದನೇ ದಿನ ಬೆಳಿಗ್ಗೆ ಆ ಶಾಲೆಯ ಅಂಕಿಗಳ ಮುಂದೆ 'ಪರಿಶೀಲಿಸಲಾಗಿದೆ, ಸರಿಯಿದೆ' ಎಂದು ಬರೆದೆ.

ಅವಳು ಪಾಸಾದಳು. ಆ ವರ್ಷ ಆ ಶಾಲೆಯಲ್ಲಿ ಅವಳದೇ ಹೆಚ್ಚಿನ ಅಂಕ. ನಮ್ಮ ತಖ್ತೆಯಲ್ಲಿ ಫಲಿತಾಂಶದ ಕಾಲಂ ಚೆನ್ನಾಗಿ ಕಂಡಿತು, ಸಾಹೇಬರು ಮೀಟಿಂಗಿನಲ್ಲಿ ಹೆಡ್ ಮಿಸ್ಸಿಗೆ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಅವರು ಎದ್ದು ನಿಂತು ಕೈಮುಗಿದರು, ನನ್ನ ಕಡೆ ನೋಡಲಿಲ್ಲ. ಅಷ್ಟೂ ಅಕ್ಕಿ ಗುಡಿಸಲಿಗೇ ಹೋಯಿತೇ ಎನ್ನುವ ಅನುಮಾನ ನನಗೆ ಆಗಲೂ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಬುದ್ಧಿ ಹಾಗೆಲ್ಲ ಬಿಡುವುದಿಲ್ಲ.

ಜೂನ್ ತಿಂಗಳಲ್ಲಿ ನನ್ನನ್ನು ಶಿವಮೊಗ್ಗದ ಶಾಲೆಗೆ ವಾಪಸ್ ಹಾಕಿದರು. ಮತ್ತೆ ಪಾಠ, ಸೀಮೆಸುಣ್ಣ. ಹೆಸರು ತಿದ್ದಿಸುವುದಕ್ಕೆ ಭದ್ರಾವತಿಗೆ ಹೋಗಬೇಕು, ಹೋಗಬೇಕು ಎಂದುಕೊಂಡೆ. ಮೊದಲು ಜನಗಣತಿ ಡ್ಯೂಟಿ ಬಂತು, ಆಮೇಲೆ ಅತ್ತೆಗೆ ಕಾಲು ಮುರಿಯಿತು, ಆಮೇಲೆ ಯಾವ ನೆಪವೂ ಬೇಕಾಗಲಿಲ್ಲ. ಹೆಡ್ ಮಿಸ್ಸು ರಿಟೈರಾದರು ಎಂದು ಯಾರೋ ಹೇಳಿದರು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಬಂದ ಹೆಸರೇ ಜನ್ಮಕ್ಕೆಲ್ಲ ಹೆಸರು ಎನ್ನುವುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಅವಳು ಎಸ್ಸೆಸ್ಸೆಲ್ಸಿಗೆ ಬರುವ ವರ್ಷ ಯಾವುದು ಎಂದು ಲೆಕ್ಕವೂ ಹಾಕಿದ್ದೆ. ಆ ವರ್ಷ ಬಂತು, ಹೋಯಿತು.

ಅದಾಗಿ ಐದಾರು ವರ್ಷವಾಗಿತ್ತು. ಮಗಳು ಆಗ ಪಿ.ಯು.ಸಿ. ಜ್ವರ ಬಂದಿತ್ತು, ವಿನೋಬನಗರದಲ್ಲೇ ನಮ್ಮ ಮನೆಯ ಹತ್ತಿರ ಹೊಸದಾಗಿ ಆದ ಕ್ಲಿನಿಕ್ಕಿಗೆ ಸಂಜೆ ಕರೆದುಕೊಂಡು ಹೋದೆ. ಚೀಟಿ ಬರೆಯುವ ಕೌಂಟರಿನಲ್ಲಿ ಬಿಳಿ ಕೋಟು ಹಾಕಿದ ಹುಡುಗಿ ಕೂತಿದ್ದಳು. ಕೋಟಿನ ಮೇಲೆ ಹೆಸರಿನ ಪಟ್ಟಿ. ನಾನು ಯಾವ ಬೋರ್ಡನ್ನೂ ಎರಡು ಸಲ ಓದುವವಳು. ಓದಿದೆ. ಮುಂದೆ 'ಪಿ', ಆಮೇಲೆ ಆ ಹೆಸರು.

ಜಡೆ ಈಗ ಒಂದೇ ಇತ್ತು. ನಾನು ಗುರುತು ಹಿಡಿಯುವ ಮೊದಲೇ ಅವಳು ನನ್ನನ್ನು ಹಿಡಿದಿದ್ದಳು.

"ನಮಸ್ಕಾರ ಮಿಸ್. ಚೆನ್ನಾಗಿದ್ದೀರಾ?" ಎಂದಳು. ನಾನು ತಡವರಿಸಿ ಮಗಳ ಹೆಸರು, ವಯಸ್ಸು ಹೇಳಿದೆ. ಕೋಟಿನ ಪಟ್ಟಿಯ ಕಡೆಗೇ ನನ್ನ ಕಣ್ಣು ಹೋಗುತ್ತಿದ್ದುದನ್ನು ನೋಡಿ, "ಈಗ ಕೇಳಿ ಮಿಸ್, ಬಿಡಿಸಿ ಹೇಳ್ತೀನಿ" ಎಂದಳು. ನಾನು ಕೇಳುವುದಕ್ಕೂ ಕಾಯದೆ ಹೇಳಿದಳು. ಎರಡು ಉಸಿರು ಬೇಕಾಗುವಂಥ ಉದ್ದದ ತಮಿಳು ಹೆಸರು. ಅವಳು ಒಂದು ದಿನವೂ ಕಾಣದ ಮನುಷ್ಯನದು. ಒಂದು ಕಡೆಯೂ ತಡೆಯದೆ, ಶಾಲೆಯಲ್ಲಿ ಉಳಿದ ಮಕ್ಕಳು ಎದೆ ಉಬ್ಬಿಸಿ ಹೇಳಿದ್ದರಲ್ಲ, ಹಾಗೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಕೇಳುವುದನ್ನೇ ಕೇಳಿದೆ. "ಅಪ್ಪ ಹೇಗಿದ್ದಾರಮ್ಮಾ?"

"ಯಾವ ಅಪ್ಪ, ಮಿಸ್?" ಎಂದಳು ಅವಳು, ಚೀಟಿಯ ಮೇಲಿನ ಕಣ್ಣೆತ್ತದೆ. "ಸ್ಕೂಲಿಂದಾ, ಮನೇದಾ?"

ಪಕ್ಕದಲ್ಲಿದ್ದ ನನ್ನ ಮಗಳು ತಮಾಷೆ ಎಂದುಕೊಂಡು ನಕ್ಕಳು. ಅವಳೂ ನಕ್ಕಳು. ಚೀಟಿ ಹರಿದು ನನ್ನ ಕೈಗೆ ಕೊಟ್ಟಳು. ಅದರಲ್ಲಿ ನನ್ನ ಮಗಳ ಹೆಸರನ್ನು, ಇನಿಶಿಯಲ್ ಸಮೇತ, ಒಂದು ತಪ್ಪೂ ಇಲ್ಲದೆ ಬರೆದಿದ್ದಳು.